ಕೈ ತೊಳೆದ ಬಟ್ಟಲು

ಉಮ್ಮನಿಂದ ಎಂಜಲು ಎತ್ತಿಸಬೇಡಿ ಎಂದು ತಂದೆಗೆ ಇವತ್ತಾದರೂ ಹೇಳಲೇ, ಬೇಡವೇ? ಎಂದು ಯೋಚಿಸುತ್ತಾ ಊಟಕ್ಕೆ ಕುಳಿತಿದ್ದ ನಿಝಾಮನ ಎದುರು ಟಿವಿಯಲ್ಲಿ ಸಿನೆಮಾ ಮುಗಿಯುತ್ತಿತ್ತು. ಅಲ್ಲಿಯವರೆಗೂ ಊಟದ ಬಟ್ಟಲಲ್ಲೇ ಕೈ ತೊಳೆದು ಎದ್ದು ಹೋಗುತ್ತಿದ್ದ ಸಿನೆಮಾದ ಗಂಡ, ಕೊನೆಯ ದೃಶ್ಯದಲ್ಲಿ ಹೆಂಡತಿಯ ಬಟ್ಟಲನ್ನೂ ನಲ್ಲಿಯಡಿಗೆ ಒಯ್ದ.

“ಮನೆ ಅಂದ್ರೆ ಹಾಗೆ ಇರ್ಬೇಕು ಮಾರಾಯ,” ಎಂದು ತಂದೆ ಉಸ್ಮಾನ್ ಕಣ್ಣೊರೆಸಿಕೊಂಡರು. ಮತ್ತೆ ಲೋಟದ ನೀರನ್ನು ಬಂಗುಡೆ ಮೀನಿನ ಮುಳ್ಳುಗಳ ಮೇಲೆ ಸುರಿದು, ಬಟ್ಟಲಲ್ಲೇ ಕೈ ತೊಳೆದರು. “ಇದು ತೆಗಿ ನಫೀಸಾ.” ಸಾರು ಬೆರೆತ ಕೆಂಪು ನೀರಲ್ಲಿ ಅನ್ನದ ಅಗುಳು ತೇಲಿತು. ನಿಝಾಮ ಮುಖ ತಿರುಗಿಸಿದ.

ಉಮ್ಮ ಅದನ್ನು ಎತ್ತಿಕೊಂಡು ಮಗನತ್ತ ಕೈಚಾಚಿದರು. “ನಿನ್ನದೂ ಕೊಡು ಮೋನೆ, ಆಯ್ತಲ್ಲ?” ಅವನು ಬಗ್ಗಿ ನೋಡಿದ. ಅವನ ಬಟ್ಟಲಲ್ಲೂ ಅದೇ ಕೆಂಪು ನೀರು ನಿಂತಿತ್ತು. ಅವನ ಬೆರಳುಗಳು ಇನ್ನೂ ಒದ್ದೆಯಾಗಿದ್ದವು.

ಇರಲಿ ಉಮ್ಮ, ನಾನೇ ತೊಳೆಯುತ್ತೇನೆ ಎನ್ನದೆ ಅವನು ಬಟ್ಟಲನ್ನು ಅವರ ಕೈಗೆ ಕೊಟ್ಟ.