ನೀರಿನೊಳಗೊಂದು ಬೀಸುವ ಪದ

ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ನಳಿಕೆಯಿಂದ ಟ್ರ್ಯಾಕ್ಟರ್ ಟ್ಯೂಬಿನ ವಾಸನೆ ಬಂತು. ಚಿಕ್ಕಂದಿನಲ್ಲಿ ಜವಳಗೇರಾದ ಕಾಲುವೆಯಲ್ಲಿ ಅಂಥದೇ ಟ್ಯೂಬು ಹಿಡಿದು ರಾಜಾಬೀ ಈಜು ಕಲಿತಿದ್ದಳು. ಮುಳುಗುವಾಗ ಉಸಿರು ಬಿಗಿಹಿಡಿಯುವುದು ಅಂದಿನಿಂದ ಬಂದ ಅಭ್ಯಾಸ. ತೊಂಬತ್ತೈದರ ಬೇಸಿಗೆಯಲ್ಲಿ, ಮಸ್ಕಿ ಜಲಾಶಯದ ಸಾಹಸ ಶಿಬಿರದಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗಿದಾಗಲೂ ಅದೇ ಆಯಿತು. ಕಾರವಾರದಿಂದ ಬಂದಿದ್ದ ತರಬೇತುದಾರ ನಾಯ್ಕ ಸರ್ ಅವಳನ್ನು ಮೇಲೆತ್ತಿದರು.

“ಮತ್ತೆ ಉಸಿರು ಬಿಗಿಹಿಡಿದೆಯಲ್ಲ ತಂಗಿ! ಅದು ಎದೆಗೆ ಅಪಾಯ. ಇನ್ನೊಂದೇ ಸಲ ನೋಡ್ತೇನೆ. ಆಗದಿದ್ದರೆ ಸಮುದ್ರಕ್ಕೆ ನಿನ್ನ ಬದಲು ಯಮನಮ್ಮ ಬರಲಿ.”

ಮುಂದಿನ ತರಬೇತಿ ಕಾರವಾರದ ಸಮುದ್ರದಲ್ಲಿ; ಅಲ್ಲಿಗೆ ಹೋಗುವ ಜೀಪಿನಲ್ಲಿ ಉಳಿದದ್ದು ಒಂದೇ ಜಾಗ. ತೊಡೆಮಟ್ಟದ ನೀರಿನಲ್ಲಿ ನಿಂತಿದ್ದ ಕಾಲೇಜಿನ ಗೆಳತಿ ಯಮನಮ್ಮ ಹತ್ತಿರ ಬಂದು, ರಾಜಾಬೀ ಮುಖಕ್ಕೆ ಕಟ್ಟಿಕೊಂಡಿದ್ದ ಗಾಜನ್ನು ಸರಿಪಡಿಸಿದಳು.

“ಎಮ್ಮಿ ಹಂಗ ಸುಮ್ಮನ ಮುಳುಗಿ ಕುಂದ್ರಬ್ಯಾಡ ಬೇ. ಬೀಸುಕಲ್ಲಿನ ಮುಂದ ಪದ ಹಾಡ್ತೀ ಇಲ್ಲ? ಒಳಗೂ ಅದನ್ನ ಗುನುಗು. ಹಾಡಬೇಕಂದ್ರ ಉಸಿರು ಬಿಡಲೇಬೇಕಲ್ಲ.”

“ನಂಗ ಹೇಳಿಕೊಟ್ರ ನಿನ್ನ ಜಾಗ ಹೋಗ್ತದಲ್ಲೇ?”

“ಹೋದ್ರ ಹೋಗ್ಲಿ. ಮುಳುಗು.”

ರಾಜಾಬೀ ಮುಳುಗಿದಳು. ನಳಿಕೆ ಕಚ್ಚಿಕೊಂಡೇ ಗಂಟಲಲ್ಲಿ ಬೀಸುವ ಪದ ಗುನುಗಿದಳು. ಒಂದೊಂದು ಸಾಲಿಗೂ ಗುಳ್ಳೆಗಳು ಬುಳುಬುಳು ಮೇಲೇರಿದವು. ಸಾಲು ಮುಗಿದಾಗ ಉಸಿರು ತಾನಾಗಿ ಒಳಗೆ ಬಂತು. ಎದುರಿಗಿದ್ದ ನಾಯ್ಕ ಸರ್ ಕಣ್ಣಲ್ಲೇ ನಕ್ಕು ತಲೆಯಾಡಿಸಿದರು.

ರಾಜಾಬೀ ಹತ್ತಿದ ಜೀಪು ಹೊರಡುವಾಗ ಯಮನಮ್ಮ ಹತ್ತಿರ ಬಂದಳು. ತನ್ನ ಪ್ರಯಾಣಕ್ಕೆಂದು ಅವ್ವ ಕಟ್ಟಿಕೊಟ್ಟಿದ್ದ ಸಜ್ಜೆ ರೊಟ್ಟಿ, ನಂಜಿಕೊಳ್ಳುವ ಶೇಂಗಾ ಹಿಂಡಿಯ ಬುತ್ತಿಯನ್ನು ರಾಜಾಬೀಯ ಮಡಿಲಲ್ಲಿ ಇಟ್ಟಳು.