ಮುಂದಿನ ಕ್ಯಾಂಪಿನ ಕರೆಂಟು

ಯಾರೂ ಒಂದೇ ಜಾಗದಲ್ಲಿ ಮೂರು ದಿನಕ್ಕಿಂತ ಹೆಚ್ಚು ತಂಗಬಾರದೆಂಬ ಕಾನೂನು ಬಂದಂದಿನಿಂದ ನೀಲವ್ವನ ಸಂಸಾರವೆಲ್ಲ ಒಂದು ವ್ಯಾನಿನೊಳಗೇ ನಡೆದಿತ್ತು. ಹೊಸ ಕ್ಯಾಂಪು ಮುಟ್ಟಿದ ಕೂಡಲೇ ಅವಳು ನಲ್ಲಿಯ ಬಾಯಿಗೆ ನಾಲ್ಕು ಮಡಿಕೆಯ ಬಟ್ಟೆ ಕಟ್ಟುತ್ತಿದ್ದಳು. ಕಂಬದ ಕರೆಂಟನ್ನು ವ್ಯಾನಿನ ಫ್ರಿಜ್ಜಿಗೆ ಕೊಡುವ ಮೊದಲು ಸ್ಟೆಬಿಲೈಸರಿಗೆ ಕೊಟ್ಟು ನೋಡುತ್ತಿದ್ದಳು.

ಇವತ್ತೂ ಬಟ್ಟೆ ಕ್ಷಣದಲ್ಲಿ ಕಪ್ಪಾಯಿತು. ಸ್ಟೆಬಿಲೈಸರು ಟಕ್ಕೆಂದು ಕರೆಂಟು ಕಡಿದು ಕೆಂಪು ದೀಪ ತೋರಿಸಿತು. ಹೀಗೆ ಕೈಕೊಟ್ಟ ಐದನೆಯ ಕ್ಯಾಂಪು ಇದು. ಫ್ರಿಜ್ಜಿನಲ್ಲಿದ್ದ ಗಂಡನ ಇನ್ಸುಲಿನ್ ಆಗಲೇ ಬೆಚ್ಚಗಾಗಿತ್ತು.

"ಆ ಸ್ಟೆಬಿಲೈಸರ್ ತಗದು ಫ್ರಿಜ್ಜಿಗೆ ನೇರ ಕರೆಂಟ ಹಚ್ಚಿಬಿಡು," ಎಂದ ಗಂಡ ಬಸಲಿಂಗ, ಮಲಗಿದಲ್ಲಿಂದಲೇ.

"ಫ್ರಿಜ್ಜ ಸುಟ್ಟ ಹೋದ್ರ ಏನ್ ಮಾಡೂದ್ರಿ? ನಿನ್ನೆ ದಾರ್ಯಾಗ ಎದುರಿಗೆ ಸಿಕ್ಕಾಂವ ಈ ಕ್ಯಾಂಪಿನ್ಯಾಗ ಎಲ್ಲಾ ಚಲೋ ಐತಿ ಅಂದಿದ್ದ. ಅವನ ಬಾಯಾಗ ಮಣ್ಣ ಬೀಳ್ಲಿ!"

ಬೈದುಕೊಳ್ಳುತ್ತಲೇ ಅವಳು ವ್ಯಾನು ಹೊರಡಿಸಿದಳು. ಸೇತುವೆಯ ಬಳಿ ಮುಂದಿನ ಕ್ಯಾಂಪಿನಿಂದ ಬರುತ್ತಿದ್ದ ವ್ಯಾನೊಂದು ಪಕ್ಕದಲ್ಲಿ ನಿಂತಿತು. ಕಿಟಕಿಯಲ್ಲಿ ಕಂಡ ಎಳೆ ವಯಸ್ಸಿನ ತಾಯಿಯ ತೊಡೆಯ ಮೇಲೆ ತುಟಿ ಒಣಗಿದ ಕೂಸು ಮಲಗಿತ್ತು.

"ಅಕ್ಕಾರ, ನೀವು ಬಂದ ಕ್ಯಾಂಪಿನ್ಯಾಗ ನೀರು ಹ್ಯಾಂಗದಾವ್ರಿ?"

ನೀಲವ್ವ ಕೂಸನ್ನು ನೋಡಿದಳು. ನಿಜ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಚಲೋ ಅದಾವ, ತಂಗಿ. ಲಗೂನ ಹೋಗ್ರಿ." ಆಮೇಲೆ ತಡೆಯಲಾರದೆ ಕೇಳಿದಳು, "ಮುಂದ ಕರೆಂಟ ಹ್ಯಾಂಗೈತಿ?"

ಆ ತಾಯಿಯ ಕಣ್ಣು ನೀಲವ್ವನ ಹಿಂದೆ ಮಲಗಿದ್ದ ಬಸಲಿಂಗನ ಮೇಲೆ ಒಂದು ಗಳಿಗೆ ನಿಂತಿತು.

"ಭಾಳ ಚಲೋ ಐತ್ರಿ, ಅಕ್ಕಾರ."

ಎರಡೂ ವ್ಯಾನುಗಳು ತಮ್ಮ ತಮ್ಮ ದಾರಿ ಹಿಡಿದವು.

"ಏನಂದ್ಲು?" ಎಂದ ಬಸಲಿಂಗ.

ನೀಲವ್ವ ತಿರುಗಿ ನೋಡಲಿಲ್ಲ. "ಚಲೋ ಐತಂತ್ರಿ," ಎಂದಳು.