ಕೌಂಟರಿನ ಈ ಕಡೆ

ನಗರದ ಇನ್ನೊಂದು ತುದಿಯ ಗಿಂಡಿಯಲ್ಲಿ ಸೋಮವಾರ ಶುರುವಾಗುವ ತರಬೇತಿಗೆ ತಾನು ಹೋಗುವುದಿಲ್ಲ, ಸಹಾಯಕಿ ಪ್ರಣಮ್ಯಾಳನ್ನು ಕಳಿಸಿ ಎಂದು ಹೇಳಿಬಿಡಲು ವಿಮಲಾ ಪ್ರಿನ್ಸಿಪಾಲರಿಗೆ ಫೋನ್ ಮಾಡಿದಳು. ಆ ಕಡೆ ಯಾರೂ ಎತ್ತಲಿಲ್ಲ. ಊಟದ ಹೊತ್ತು. ಸಂಜೆಯೊಳಗೆ ಹೆಸರು ಹೇಳಿದರೆ ಸಾಕು ಎಂದು ಅವರೇ ಬೆಳಿಗ್ಗೆ ಹೇಳಿದ್ದರು. ವಿಮಲಾ ಫೋನ್ ಕೆಳಗಿಟ್ಟಳು.

ಅಂಬತ್ತೂರಿನ ಆ ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿಗೆ ಅವಳೇ ಮುಖ್ಯಸ್ಥೆ. ಈ ಎರಡು ವಾರದ ತರಬೇತಿ ಮುಗಿಸಿದರೆ ಪಾಠ ಮಾಡುವವರ ಸಮಕ್ಕೆ ದರ್ಜೆ ಸಿಗುತ್ತಿತ್ತು. ಆ ದರ್ಜೆಗಾಗಿ ವಿಮಲಾ ಪಟ್ಟ ಪಾಡು ಅಷ್ಟಿಷ್ಟಲ್ಲ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಇದಕ್ಕೆ ಏನು ಮಹಾ ಓದಬೇಕು ಎಂದವರೊಡನೆ ಜಗಳ ಆಡಿದ್ದಳು. ಮೀಟಿಂಗುಗಳಲ್ಲಿ ಬಾಗಿಲ ಪಕ್ಕದ ಸ್ಟೂಲಿನಿಂದ ಮೇಜಿನ ಹತ್ತಿರದ ಕೈಕುರ್ಚಿಗೆ ಬರುವಷ್ಟರಲ್ಲಿ ಅರ್ಧ ತಲೆ ಬೆಳ್ಳಗಾಗಿತ್ತು. ಈಗ ಕೈಗೆ ಬಂದ ತುತ್ತನ್ನು ಅವಳೇ ದೂರ ತಳ್ಳಲು ಹೊರಟಿದ್ದಳು.

ಕಾರಣ ಯಾರಿಗೂ ಹೇಳುವಂಥದ್ದಲ್ಲ. ತರಬೇತಿಯೆಲ್ಲ ಕಂಪ್ಯೂಟರಿನ ಮೇಲೆ. ಹತ್ತಾರು ಕಾಲೇಜಿನವರ ಎದುರು ನಿಂತು ಮಾಡಿ ತೋರಿಸಬೇಕು. ಪ್ರಣಮ್ಯಾ ಕೆಲಸಕ್ಕೆ ಸೇರಿದಂದಿನಿಂದ ಆ ಕೆಲಸವೆಲ್ಲ ಅವಳದೇ. "ಸ್ವಲ್ಪ ನೋಡಿಬಿಡಮ್ಮ" ಎನ್ನುವುದರಲ್ಲಿ ಮಾತ್ರ ವಿಮಲಾ ಚೆನ್ನಾಗಿ ಪಳಗಿದ್ದಳು. ಪುಸ್ತಕ ಹುಡುಕಲು ಪ್ರಣಮ್ಯಾ ಹಾಕಿಸಿದ ಹೊಸ ಸಿಸ್ಟಮನ್ನು ಮೀಟಿಂಗಿನಲ್ಲಿ ಬಾಯ್ತುಂಬ ಹೊಗಳಿಯೂ ಇದ್ದಳು. ಒಂದು ಸಲವೂ ಮುಟ್ಟಿ ನೋಡಿರಲಿಲ್ಲ. ಗಿಂಡಿಯಲ್ಲಿ ಬೆಬ್ಬೆಬ್ಬೆ ಎಂದರೆ ಗಳಿಸಿದ ಮಾನವೆಲ್ಲ ಒಂದೇ ದಿನಕ್ಕೆ ಮಣ್ಣುಪಾಲು.

ಬೆಳಿಗ್ಗೆ ಕಾಫಿ ಕುಡಿಯುವಾಗ ಪ್ರಣಮ್ಯಾಳೊಡನೆ ಈ ಮಾತು ಎತ್ತಿದ್ದಳು. ತ್ರಿಪ್ಲಿಕೇನಿನಲ್ಲಿ ಹೋಟೆಲು ನಡೆಸುವ ಕುಂದಾಪುರದವರ ಮಗಳು ಅವಳು, ಮಾತು ಇನ್ನೂ ಊರಿನದೇ.

"ನೀವೇ ಹೋಗ್ಬೇಕು ಮೇಡಂ. ಅದ್ರಲ್ಲಿ ಎಂತ ಕಷ್ಟ ಉಂಟು?" ಎಂದಿದ್ದಳು.

ಕಷ್ಟ ಉಂಟೋ ಇಲ್ಲವೋ ನೋಡಿಯೇ ಬಿಡೋಣ ಎನಿಸಿತು, ಈಗ ಫೋನ್ ಕೆಳಗಿಟ್ಟ ವಿಮಲಾಗೆ. ಪ್ರಣಮ್ಯಾಳನ್ನು ಕೌಂಟರಿನಲ್ಲಿ ತನ್ನ ಕುರ್ಚಿಯಲ್ಲಿ ಕೂರಿಸಿ, ಊಟಕ್ಕೆ ಹೋಗುವವಳಂತೆ ಎದ್ದು, ಕಪಾಟುಗಳ ಹಿಂದಿನಿಂದ ಸುತ್ತಿ ಬಂದು, ಹುಡುಗರಿಗೆಂದು ಇಟ್ಟಿದ್ದ ಮೂಲೆಯ ಕಂಪ್ಯೂಟರಿನ ಮುಂದೆ ಕೂತಳು. ಇಷ್ಟು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಅದರ ಒಂದು ಕಾಲು ಕುಂಟುತ್ತಿತ್ತು. ಫ್ಯಾನಿನ ಗಾಳಿ ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

ಕಾಂಕ್ರೀಟಿನ ಬಗ್ಗೆ ತಾನೇ ಹಟ ಹಿಡಿದು ತರಿಸಿದ್ದ ದಪ್ಪ ಪುಸ್ತಕದ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಹಾಕಿದಳು. ಏನೂ ಸಿಗಲಿಲ್ಲ ಎಂದಿತು ಸಿಸ್ಟಮ್. ಮತ್ತೆ ಹಾಕಿದಳು. ಮತ್ತೆ ಅದೇ ಉತ್ತರ. ತಲೆ ಎತ್ತಿದರೆ ಪುಸ್ತಕ ಎದುರಿನ ಕಪಾಟಿನಲ್ಲೇ ಕಾಣುತ್ತಿತ್ತು, ಅದೇ ಕೆಂಪು ಬೆನ್ನು. ಫೋನ್ ಮಾಡಿ ಪ್ರಣಮ್ಯಾಳ ಹೆಸರು ಹೇಳಿಬಿಡುವುದೇ ವಾಸಿ.

ಆಗ ಹಿಂದೆ ಯಾರೋ ಬಂದು ನಿಂತರು. ಕೊರಳಲ್ಲಿ ಹೊಸ ಟ್ಯಾಗ್ ಹಾಕಿಕೊಂಡ, ಮೊದಲ ವರ್ಷದ ಹುಡುಗಿ. ಬೆನ್ನು ಮಾತ್ರ ನೋಡಿ, ತನ್ನಂತೆಯೇ ಪರದಾಡುತ್ತಿರುವ ಯಾವುದೋ ಮಿಸ್ ಎಂದುಕೊಂಡಿದ್ದಳೋ ಏನೋ, ಬಗ್ಗಿ ತಮಿಳಿನಲ್ಲಿ ಪಿಸುಗುಟ್ಟಿದಳು. ನನಗೂ ಇದರಲ್ಲಿ ಯಾವತ್ತೂ ಸಿಗುವುದಿಲ್ಲ ಮಿಸ್, ಕೌಂಟರಿನಲ್ಲಿ ಮೇಡಂ ಇರುತ್ತಾರೆ, ಅವರಿಗೆ ಎಲ್ಲ ಗೊತ್ತು. ಆದರೆ ಕೇಳಬೇಡಿ, ಬೈಯುತ್ತಾರೆ.

ವಿಮಲಾ ತಿರುಗಿದಳು. ಹುಡುಗಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

ಬೈಗುಳವೊಂದು ನಾಲಿಗೆಯ ತುದಿಗೇ ಬಂದಿತ್ತು. ಜೊತೆಗೆ, ಯಾಕೋ ತಡೆಯಲಾಗದ ನಗು. ನಗುವೇ ಗೆದ್ದಿತು. ಈ ಹುಡುಗಿಯಂತೆ ಎಷ್ಟು ಮಕ್ಕಳು ಈ ಕುಂಟು ಕುರ್ಚಿಯಲ್ಲಿ ಕೂತು, ಸಿಗದೆ, ಕೇಳಲು ಹೆದರಿ ಎದ್ದು ಹೋಗಿದ್ದಾರೋ. ತಾನೂ ಈಗ ಅದನ್ನೇ ಮಾಡಲು ಹೊರಟಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬಾ, ಇಬ್ಬರೂ ಹೋಗಿ ಕೇಳೋಣ, ಬೈದರೆ ಇಬ್ಬರಿಗೂ ಬೈಯಲಿ ಎಂದು ಹುಡುಗಿಗೆ ತಮಿಳಿನಲ್ಲೇ ಹೇಳಿ ಎದ್ದಳು.

ಕೌಂಟರಿನಲ್ಲಿ ಪ್ರಣಮ್ಯಾ ತಲೆ ತಗ್ಗಿಸಿ ಹೊಸ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದಳು. ಎದುರು ಬಂದು ನಿಂತ ನೆರಳನ್ನು ಕಂಡಳೇ ಹೊರತು ಮುಖ ಎತ್ತಲಿಲ್ಲ.

"ಸಿಸ್ಟಮ್‌ಲ ತೇಡುನಿಯಾ?" ಎಂದಳು.

ಸಿಸ್ಟಮಿನಲ್ಲಿ ಹುಡುಕಿದೆಯಾ ಎಂಬ ಈ ಪ್ರಶ್ನೆ ವಿಮಲಾಳದೇ. ದಿನಕ್ಕೆ ನೂರು ಸಲ ಹುಡುಗರ ಮುಖಕ್ಕೆ ಎಸೆಯುತ್ತಿದ್ದುದು. ಪದ ಮಾತ್ರವಲ್ಲ, ಆ ಗಡಸು, ಕೊನೆಯಲ್ಲಿ ದನಿ ಎಳೆಯುವ ಆ ರೀತಿ, ಎಲ್ಲ ಹಾಗೆಯೇ. ಜೊತೆಯಲ್ಲಿ ಕೂತು ಪ್ರಣಮ್ಯಾ ತನ್ನಿಂದ ಕಲಿತದ್ದು ಇದನ್ನೇ ಎಂದು ವಿಮಲಾಗೆ ಚುರುಕ್ಕೆಂದಿತು.

"ಹುಡುಕಿದೆ ಕಣಮ್ಮ, ಸಿಗಲಿಲ್ಲ. ಹೇಗೆ ಅಂತ ಹೇಳಿಕೊಡು. ಸೋಮವಾರ ಗಿಂಡಿಗೆ ನಾನೇ ಹೋಗಬೇಕು."

ಪ್ರಣಮ್ಯಾ ಬೆಚ್ಚಿ ತಲೆ ಎತ್ತಿದಳು. ಅಂಟು ಮೆತ್ತಿದ ಕೈಯಲ್ಲೇ ಎದ್ದು ಕುರ್ಚಿ ಬಿಡಲು ಹೋದಳು.

ವಿಮಲಾ ಬೇಡವೆಂದು ಕೈ ಅಡ್ಡ ಮಾಡಿದಳು. ಹುಡುಗಿಯ ಪಕ್ಕದಲ್ಲಿ ಮೊಣಕೈಯೂರಿ, ಕೌಂಟರಿಗೆ ಒರಗಿ ನಿಂತಳು.

"ಕೂತ್ಕೋ. ನಮ್ಮ ಲೈಬ್ರರಿ ಈ ಕಡೆಯಿಂದ ಹೇಗೆ ಕಾಣುತ್ತೆ ಅಂತ ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ."